ಗುತ್ತೆಪ್ಪ ಕಥೆ ತಪ್ಪಿದ ಸಂಜೆ

ನನ್ನ ತಮ್ಮ ಗುತ್ತೆಪ್ಪ ಹುಟ್ಟಿದ ದಿನ ಮೂರು ತಾಸು ಬಿಡದೆ ಅತ್ತನಂತೆ. ಸೂಲಗಿತ್ತಿ ಕಿವಿಗೊಟ್ಟು ಕೇಳಿ, "ಇದು ಅಳಾಕತ್ತಿಲ್ಲವಾ, ಏನೋ ಹೇಳಾಕತ್ತೈತಿ" ಅಂದಳಂತೆ. ಅವ್ವ ಈ ಮಾತನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಹೆಮ್ಮೆಪಡುವ ಪೈಕಿ ಅಲ್ಲ. ಅವನಿಗಿಂತ ಆರು ವರ್ಷ ದೊಡ್ಡವಳು, ಹುಟ್ಟಿದಂದಿನಿಂದ ಅವನ ಮಾತು ಕೇಳಿ ಕಿವಿ ತೂತು ಮಾಡಿಕೊಂಡವಳು. ತಿಳವಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮಕ್ಕಳನ್ನು ಸುಮ್ಮನಿರಿಸುವುದೇ ನನ್ನ ನೌಕರಿ. ಎಪ್ಪತ್ತು ಮಕ್ಕಳನ್ನು ಬರೇ ಕಣ್ಣು ಬಿಟ್ಟು ಸುಮ್ಮನಿರಿಸಿದ್ದೇನೆ. ಮನೆಯಲ್ಲಿದ್ದ ಒಬ್ಬನನ್ನು ಸುಮ್ಮನಿರಿಸಲು ಆಗಲಿಲ್ಲ.

ಹೊಲಕ್ಕೆ ಕಳಿಸಿದರೆ ಎತ್ತುಗಳ ಜೊತೆ ಮಾತು. ಇವನ ಮಾತು ಕೇಳಲು ಎತ್ತುಗಳು ನಿಂತೇಬಿಡುತ್ತವೆ ಎಂದು ಅಪ್ಪ ನೇಗಿಲು ಕಸಿದುಕೊಂಡ. ಹಾನಗಲ್ಲಿನ ಒಂದು ಕಿರಾಣಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಗಲು ಇಟ್ಟೆವು. ಕೊಳ್ಳಲು ಬಂದವರು ಕಥೆ ಕೇಳುತ್ತ ಕೂತು, ಕೊಳ್ಳುವುದನ್ನೇ ಮರೆತು ಬಸ್ಸು ಹಿಡಿದು ಹೋಗುತ್ತಿದ್ದರು. ಎಂಟನೇ ದಿನ ಸಾಹುಕಾರರು ಅವನನ್ನೂ ತಾವೇ ನಿಂತು ಬಸ್ಸು ಹತ್ತಿಸಿದರು. ಚುನಾವಣೆ ಬಂದಾಗ ಮೈಕು ಹಿಡಿದು ಬೆಳಿಗ್ಗೆ ಒಂದು ಪಕ್ಷಕ್ಕೆ, ಮಧ್ಯಾಹ್ನದ ಮೇಲೆ ಇನ್ನೊಂದು ಪಕ್ಷಕ್ಕೆ ಕೂಗಿ ಬಂದ. ಬೈದರೆ, "ಎರಡೂ ಕಡೆಯವ್ರು ಚಲೋ ಮಂದಿ ಅಕ್ಕಾ" ಎಂದು ಸಮಜಾಯಿಷಿ ಬೇರೆ.

ಇಂಥವನಿಗೂ ಅನ್ನ ಹಾಕುವ ಪುಣ್ಯಾತ್ಮ ಒಬ್ಬ ಸವಣೂರಿನಲ್ಲಿದ್ದ. ಅವನೇ ಬಂದೇಸಾಬ. ಸುಗ್ಗಿ ಮುಗಿಯುತ್ತಲೇ ಅವನ ಟೂರಿಂಗ್ ಟಾಕೀಸು ಹತ್ತಿಮತ್ತೂರು, ಶಿಗ್ಗಾಂವಿ, ಹಾನಗಲ್ಲು, ತಿಳವಳ್ಳಿ, ಹಿರೇಕೆರೂರು ಎಂದು ಊರೂರು ತಿರುಗುತ್ತಿತ್ತು. ಬರುತ್ತಿದ್ದವು ಹೆಚ್ಚಾಗಿ ಹಿಂದಿ ಸಿನಿಮಾ. ನಮ್ಮ ಹೆಂಗಸರಿಗೆ ಹಿಂದಿ ಅಂದರೆ ಬಳೆಗಾರನ ಹತ್ತಿರ ಚೌಕಾಶಿ ಮಾಡುವಷ್ಟು ಮಾತ್ರ. ಹಾಗಾಗಿ ಪರದೆಯ ಪಕ್ಕದಲ್ಲಿ ನಿಂತು ಮೈಕಿನಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳುವ ಒಬ್ಬ ಬಾಯಾಳಿ ಬೇಕಾಗಿತ್ತು. ಗುತ್ತೆಪ್ಪ ಒಂದು ಸಂಜೆ ಹೇಳಿ ತೋರಿಸಿದ, ಬಂದೇಸಾಬ ಅವನನ್ನು ಮತ್ತೆ ಬಿಡಲಿಲ್ಲ.

ಅವನು ಹೇಳುವ ರೀತಿಯೇ ಬೇರೆ. ಪರದೆಯ ಮೇಲೆ ಕೋಟು ಹಾಕಿದ ಶ್ರೀಮಂತ ಬಂದರೆ, "ಇಂವ ಮುಂಬೈದಾಂವ ಅಂತ ತಿಳೀಬ್ಯಾಡ್ರಿ, ನಮ್ಮ ಶಿಗ್ಗಾಂವಿ ಕಡೆಯಾವನ" ಅನ್ನುವನು. ನಾಯಕಿ ಅತ್ತರೆ ಇವನೂ ಅಳುವನು. ಮೂರು ಹರದಾರಿ ಆಚೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರು ಸಿನಿಮಾ ಯಾವುದೆಂದು ಕೇಳುತ್ತಲೇ ಇರಲಿಲ್ಲ, "ಗುತ್ತೆಪ್ಪ ಅದಾನಿಲ್ಲೋ?" ಎಂದು ಕೇಳಿ ಒಳಗೆ ಬರುತ್ತಿದ್ದರು.

ಡೇರೆ ಅಂದಮೇಲೆ ಹಗ್ಗ ಬೇಕು. ತಿಳವಳ್ಳಿಯಲ್ಲಿ ಹಗ್ಗ ಅಂದರೆ ಚೌಡಪ್ಪ. ಕತ್ತಾಳೆ ನಾರಿನ ಒಂದು ತುದಿಯನ್ನು ಅವನ ಮಗಳು ಶಂಕ್ರವ್ವ ಹಿಡಿದು ತಿರುವುವಳು, ಚೌಡಪ್ಪ ಹೊಸೆಯುತ್ತ ಹೊಸೆಯುತ್ತ ಹಿಂದಕ್ಕೆ ನಡೆಯುವನು. ಅವಳಿಗೆ ನಾಲ್ಕು ವರ್ಷವಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ಆ ಮನೆಯಲ್ಲಿ ಇದ್ದವರು ಇವರಿಬ್ಬರೇ. ಚೌಡಪ್ಪ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅಂಥ ಅಂಗಳಕ್ಕೆ ನಮ್ಮ ಗುತ್ತೆಪ್ಪ ಹಗ್ಗ ಕೊಳ್ಳಲು ಹೋಗಿ ಬಾಯಿ ಬಿಟ್ಟ. ಶಂಕ್ರವ್ವ ನಗತೊಡಗಿದಳು. ನಕ್ಕು ನಕ್ಕು ಕೈ ಸಡಿಲಾಗಿ, ಅರ್ಧ ಹೊಸೆದ ಹಗ್ಗವೆಲ್ಲ ಬಿಚ್ಚಿಕೊಂಡು ಹಾಳಾಯಿತು. "ಹೋಗಪಾ ನೀ" ಅಂದ ಚೌಡಪ್ಪ. ಗುತ್ತೆಪ್ಪ ಹೋದ; ಮಾರನೇ ದಿನ ಇನ್ನೊಂದು ಹಗ್ಗ ಬೇಕೆಂದು ಬಂದ. ಅದರ ಮಾರನೇ ದಿನವೂ ಬಂದ. ಆ ವರ್ಷ ಬಂದೇಸಾಬನ ಡೇರೆಗೆ ಎಷ್ಟು ಹಗ್ಗ ಬಿಗಿದಿದ್ದರೆಂದರೆ ಆನೆ ಬಂದು ಒರಗಿದರೂ ಅದು ಅಲುಗುತ್ತಿರಲಿಲ್ಲ.

ಇದು ಎಪ್ಪತ್ನಾಲ್ಕನೇ ಇಸವಿಯ ಮಾತು. ಅಪ್ಪ, ಅವ್ವ ಇಬ್ಬರೂ ಹೋಗಿಬಿಟ್ಟಿದ್ದರು. ಹೆಣ್ಣು ಕೇಳುವ ಕೆಲಸ ನನ್ನದೇ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಚೌಡಪ್ಪನ ಅಂಗಳಕ್ಕೆ ಹೋದೆ. ನಾನು ಟೀಚರು ಎಂದು ಅವನು ಎದ್ದು ನಿಂತ.

"ಕುಂದರ್ರಿ ಅಕ್ಕೋರ. ನೀವು ಯಾಕ ಬಂದೀರಂತ ಗೊತ್ತೈತಿ. ಹುಡುಗ ಕೆಟ್ಟಾವಲ್ಲ."

"ಮತ್ತ ಒಪ್ಪಿಕೊಳ್ರಿ ಕಾಕಾ."

ಅವನು ಕೈಯಲ್ಲಿದ್ದ ನಾರನ್ನು ಕೆಳಗಿಟ್ಟ. "ಹದಿನೈದು ದಿನಕ್ಕೊಮ್ಮಿ ಊರು ಬದಲ ಮಾಡೋ ಮನಿಷ್ಯಾ ಅಂವ. ನನಗ ಮಗಳ್ನ ನೋಡಬೇಕನಿಸಿದ್ರ ಯಾವ ಊರಿಗೆ ಹೋಗ್ಲಿ? ಯಾರನ್ನ ಕೇಳ್ಲಿ? ರಟ್ಟೀಹಳ್ಳಿಯವ್ರು ಸೋಮವಾರ ಕನ್ಯಾ ನೋಡಾಕ ಬರ್ತಾರ. ಅವರದು ಹೆಂಚಿನ ಮನಿ. ಮನಿ ಅಂದ್ರ ಇದ್ದಲ್ಲೇ ಇರತೈತಿ ನೋಡ್ರಿ."

ಅಂದು ಅವನು ಆಡಿದ್ದು ಹತ್ತಕ್ಕಿಂತ ಬಹಳ ಹೆಚ್ಚಿನ ಮಾತು. ಕಣ್ಣ ಮುಂದೆಯೇ ಬೆಳೆಸಿದ ಒಬ್ಬಳೇ ಮಗಳು ಎಲ್ಲಿದ್ದಾಳೆಂದು ತಿಳಿಯದೆ ಬದುಕುವುದು ಯಾರಿಗೆ ಬೇಕು? ಮನೆಗೆ ಬಂದು ಗುತ್ತೆಪ್ಪನಿಗೆ ಹೇಳಿದೆ. ಒಂದು ಕಪ್ಪು ಚಹಾ ಕುಡಿಯುವಷ್ಟು ಹೊತ್ತು ಅವನು ಮಾತಾಡಲಿಲ್ಲ. ನನಗೆ ಹೆದರಿಕೆಯಾಯಿತು.

ಕೊನೆಗೆ, "ಇವತ್ತ ಸಂಜೀಕ ದೇವರ ಸಿನಿಮಾ ಐತಿ ಅಕ್ಕಾ. ದೇವರ ಸಿನಿಮಾಕ್ಕ ಕರದ್ರ ಕಾಕಾ ಒಲ್ಲೆ ಅನ್ನಂಗಿಲ್ಲ. ಬಂದು ಒಮ್ಮಿ ನನ್ನ ಮಾತು ಕೇಳ್ಲಿ, ಸಾಕು" ಅಂದವನೇ ಎದ್ದು ಓಡಿದ.

ಡೇರೆಯೊಳಗೆ ಎಂದೂ ಕಾಲಿಡದ ಚೌಡಪ್ಪ ಆ ಸಂಜೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಡಿದುಕೊಂಡು ಬಂದ. ಡೇರೆಯ ನಡುವೆ ಒಂದು ಬಟ್ಟೆ ಕಟ್ಟಿರುತ್ತಿದ್ದರು. ಅದರ ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಚೌಡಪ್ಪ ಗಂಡಸರ ಕಡೆ ಎಲ್ಲರಿಗಿಂತ ಮುಂದೆ, ಆ ಬಟ್ಟೆಗೆ ಹತ್ತಿಕೊಂಡೇ ಕೂತ. ಈ ಕಡೆ ನಾನು, ಶಂಕ್ರವ್ವ, ನಮ್ಮ ಪಕ್ಕದಲ್ಲಿ ಓಣಿಗೆಲ್ಲ ಹಿರಿಯಳಾದ ಅನ್ನವ್ವ. ದೇವರ ದರ್ಶನವಾದ ಕೂಡಲೇ ಪರದೆಯ ಮುಂದೆ ಒಡೆಯಬೇಕೆಂದು ಅನ್ನವ್ವ ಉಡಿಯಲ್ಲಿ ತೆಂಗಿನಕಾಯಿ ಇಟ್ಟುಕೊಂಡಿದ್ದಳು. ಅವಳ ಹಾಗೆಯೇ ಇನ್ನೂ ಹತ್ತು ಹನ್ನೆರಡು ಹೆಂಗಸರು ಕಾಯಿ ಕರ್ಪೂರ ತಂದಿದ್ದರು.

ದೇವರು ಬರಲಿಲ್ಲ, ಕುದುರೆ ಬಂತು. ಅದರ ಹಿಂದೆ ಇನ್ನೂ ಇಪ್ಪತ್ತು ಕುದುರೆ, ಧೂಳು, ದನಗಳ ಹಿಂಡು, ಬುಟ್ಟಿಯಂಥ ಟೊಪ್ಪಿಗೆ ಹಾಕಿದ ಬಿಳಿಯರು. ಮಾತೆಲ್ಲ ಇಂಗ್ಲಿಷು. ಹಾನಗಲ್ಲಿನಲ್ಲಿ ಬಸ್ಸಿನಿಂದ ಇಳಿಸಿಕೊಳ್ಳುವಾಗ ಸಿನಿಮಾ ಡಬ್ಬಿ ಬದಲಾಗಿತ್ತೆಂದು ಆಮೇಲೆ ತಿಳಿಯಿತು. ಬಂದೇಸಾಬ ಮಷೀನು ಬಿಟ್ಟು ಪರದೆಯ ಹತ್ತಿರ ಓಡಿ ಬಂದ.

"ಗುತ್ಯಾ, ಮಾನ ಉಳಸೋ! ಮಂದಿ ಡೇರೆ ಕಿತ್ತು ಹಾಕ್ತಾರ. ಬಾಯಿಗೆ ಬಂದದ್ದು ಏನರ ಹೇಳು!"

ಗುತ್ತೆಪ್ಪ ಮೈಕು ಹಿಡಿದ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? "ತಾಯಂದ್ರ, ಅಣ್ಣಗಳ, ಯಾರೂ ಗಾಬರಿ ಆಗಬ್ಯಾಡ್ರಿ. ದೇವರು ಕಡೀಕ ಬರ್ತಾನ. ಮೊದಲ ಭಕ್ತರ ಕಷ್ಟ ನೋಡೂಣು!"

"ಇವರು ಯಾವ ಊರ ಭಕ್ತರವಾ?" ಎಂದು ಅನ್ನವ್ವ ನನ್ನನ್ನು ಕೇಳಿದಳು. ನನಗೆ ಬರುತ್ತಿದ್ದ ಇಂಗ್ಲಿಷು ಹಾಜರಿ ಪುಸ್ತಕ ದಾಟುತ್ತಿರಲಿಲ್ಲ. "ಹೊಳಿ ಆಚೇದವ್ರು" ಅಂದುಬಿಟ್ಟೆ.

ಸಿನಿಮಾ ಅಂದರೆ ಬರೀ ಗದ್ದಲ. ನಡುವಯಸ್ಸಿನ ಒಬ್ಬ ಮೀಸೆಯವನು ಇದ್ದ. ಮಾಸಿದ ಕೋಟು, ಕೆಸರು ಮೆತ್ತಿದ ಬೂಟು, ಸದಾ ಗುರುಗುಡುವ ಮುಖ. ಉದ್ದ ಲಂಗ ಉಟ್ಟು ಕುದುರೆ ಓಡಿಸುವ ಒಬ್ಬ ಹುಡುಗಿ ಇದ್ದಳು. ಕೈಯಲ್ಲಿ ಹೂವು ಹಿಡಿದು ಅವಳ ಹಿಂದೆ ಸುತ್ತುವ, ಕೂದಲು ನುಣ್ಣಗೆ ಬಾಚಿದ ಒಬ್ಬ ಚೆಲುವ ಇದ್ದ. ಹುಡುಗಿ ಮೀಸೆಯವನಿಗೆ ಬಾಯಿಗೆ ಬಂದ ಹಾಗೆ ಬೈದಳು. ಅವನು ಏನೋ ಎದುರು ಮಾತಾಡಿದಾಗ ಒಂದು ಬಕೆಟ್ಟು ನೀರನ್ನು ತಲೆಯ ಮೇಲೆ ಸುರಿದೇಬಿಟ್ಟಳು. ಡೇರೆಗೆ ಡೇರೆಯೇ ನಕ್ಕಿತು.

ಗುತ್ತೆಪ್ಪ ಅಲ್ಲೇ ನಿರ್ಧಾರ ಮಾಡಿದ. "ಈ ಮೀಸಿಯವ್ರು ಹಿರೇಗೌಡ್ರು. ಈ ಹುಡುಗಿ ಅವರ ಮಗಳು ಹಾಲವ್ವ. ತಾಯಿಲ್ಲದ ಕೂಸು. ಗೌಡ್ರು ಒಬ್ಬರೇ ಜ್ವಾಪಾನ ಮಾಡ್ಯಾರ, ಅದಕ್ಕ ಇಷ್ಟು ಸಲಿಗಿ!"

ತಪ್ಪು ಅವನೊಬ್ಬನದೇ ಅಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ. ನಮ್ಮ ಕಡೆ ಮದುವೆಯಾಗುವ ಹುಡುಗಿ ಗಂಡಿನ ಮುಂದೆ ತಲೆ ತಗ್ಗಿಸಿ ಅವಲಕ್ಕಿ ತಟ್ಟೆ ಇಡುತ್ತಾಳೆ, ತಲೆ ತಗ್ಗಿಸಿಯೇ ಒಳಗೆ ಹೋಗುತ್ತಾಳೆ. ಗಂಡಸಿನ ತಲೆಯ ಮೇಲೆ ನೀರು ಸುರಿಯುವ ಧೈರ್ಯ ಮುದ್ದಿನ ಮಗಳಿಗಲ್ಲದೆ ಯಾರಿಗಿರುತ್ತದೆ? ಡೇರೆಯಲ್ಲಿದ್ದ ಎಲ್ಲರೂ ಹೌದೆಂದು ತಲೆ ಆಡಿಸಿದರು, ತಲೆ ಆಡಿಸಿ ಒಬ್ಬೊಬ್ಬರಾಗಿ ಚೌಡಪ್ಪನ ಕಡೆ ನೋಡಿದರು.

"ಈ ಹೂವಿನ ಹುಡುಗ ಪರಮೇಶಿ. ಮನಿ ಇಲ್ಲ, ಮಠ ಇಲ್ಲ. ಊರೂರು ತಿರಗಾಂವ. ಆದರ ಮನಸು ಬಂಗಾರ ರೀ!" ಅಂದ ಗುತ್ತೆಪ್ಪ. ಈಗ ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಂಕ್ರವ್ವ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಮುಂದೆ ಅವನನ್ನು ಹಿಡಿಯುವವರೇ ಇರಲಿಲ್ಲ. ಸೆರೆ ಕುಡಿಯುವ ಅಂಗಡಿ ಅವನ ಬಾಯಲ್ಲಿ ಚಹಾದಂಗಡಿಯಾಯಿತು. ಅಲ್ಲಿ ಕುರ್ಚಿ, ಬಾಟಲಿ ತೂರಾಡಿ ಹೊಡೆದಾಟವಾದರೆ, "ಎತ್ತಿನ ವ್ಯಾಪಾರ ಕುದರಲಿಲ್ಲ ನೋಡ್ರಿ" ಅಂದ. ಬಂದೂಕು ಹಾರಿಸಿದರೆ, "ಹಿರೇಕೆರೂರಾಗ ಯಾರದೋ ಮದುವಿ ಐತಿ, ಗರ್ನಾಲು ಹಾರಸಾಕತ್ತಾರ" ಅಂದ. ಕರಿ ನಿಲುವಂಗಿಯ ಪಾದ್ರಿ ಬಂದಾಗ, "ಬಂದ್ರಲ್ಲ ಸ್ವಾಮಿಗೋಳು!" ಎಂದು ಕೂಗಿದ. ಮೂವರು ಹೆಂಗಸರು ಕೂತಲ್ಲೇ ಕೈ ಮುಗಿದರು. ನಾನು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆ. ಸೋಮವಾರ ಶಾಲೆಯ ಮಕ್ಕಳ ಮುಂದೆ ಮುಖ ಗಂಟಿಕ್ಕುವುದು ಹೇಗೆಂಬ ಚಿಂತೆಯೂ ಅಂದು ಬರಲಿಲ್ಲ.

ಆಮೇಲೆ ಒಂದು ದೃಶ್ಯ ಬಂತು. ಮೀಸೆಯವನು ಬೆಂಕಿಯ ಮುಂದೆ ಒಬ್ಬನೇ ಕೂತು, ಹುಡುಗಿ ಹೋದ ದಾರಿಯನ್ನೇ ನೋಡುತ್ತಿದ್ದ. ಗುತ್ತೆಪ್ಪ ದನಿ ಇಳಿಸಿದ.

"ಗೌಡ್ರು ತಮ್ಮಷ್ಟಕ್ಕ ಅಂತಾರ: ಮನಿ ಇದ್ದಲ್ಲೇ ಇರತೈತಿ, ಖರೆ. ಆದರ ಆ ಮನ್ಯಾಗ ನನ್ನ ಮಗಳು ನಗದಿದ್ರ ಹೆಂಚು ತಗೊಂಡು ಏನ್ ಮಾಡ್ಲಿ? ಈ ಹುಡುಗನ ಹತ್ರ ಏನೂ ಇಲ್ಲ. ಆದರ ಇಂವ ಬಂದ ದಿನದಿಂದ ನನ್ನ ಮಗಳು ನಗಾಕತ್ತಾಳ."

ಬಟ್ಟೆಯ ಸಂದಿಯಿಂದ ನೋಡಿದೆ. ಚೌಡಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ರೀಲು ಬದಲಿಸಲು ದೀಪ ಹಚ್ಚಿದಾಗ ಅವನು ಪಕ್ಕದಲ್ಲಿದ್ದ ನಮ್ಮೂರಿನ ಮಾರೆಪ್ಪನಿಗೆ, "ಗೌಡ ಶಾಣ್ಯಾ ಅದಾನ" ಅಂದದ್ದು ನಮ್ಮ ಕಡೆಗೂ ಕೇಳಿಸಿತು. ಬಂದೇಸಾಬ ಖುಷಿಯಾಗಿ ಚೌಡಪ್ಪನಿಗೆ ಚಹಾ ಕಳಿಸಿದ. ನಾನು ಶಂಕ್ರವ್ವನ ಕೈ ಹಿಚುಕಿದೆ, ಅವಳು ನನ್ನ ಕೈ ಹಿಚುಕಿದಳು. ಕೆಲಸ ಆದಂತೆಯೇ ಎಂದುಕೊಂಡೆವು.

ಉಳಿದದ್ದು ಒಂದೇ ರೀಲು. ಹೂವಿನ ಹುಡುಗ ಇದ್ದಕ್ಕಿದ್ದಂತೆ ಬೇರೊಬ್ಬಳ ಜೊತೆ ಸಾರೋಟು ಹತ್ತಿ, ಟೊಪ್ಪಿಗೆ ಬೀಸಿ ಹೊರಟೇಹೋದ. "ಪರಮೇಶಿ... ತಂಗೀನ ಊರಿಗೆ ಬಿಟ್ಟು ಬರಾಕ ಹೊಂಟಾನ" ಅಂದ ಗುತ್ತೆಪ್ಪ. ಅಷ್ಟರಲ್ಲಿ ಹುಡುಗಿ ಕುದುರೆ ಓಡಿಸಿಕೊಂಡು ಬಂದಳು, ಜಿಗಿದು ಇಳಿದಳು, ಮೀಸೆಯವನ ಮುಂದೆ ನಿಂತಳು. ಅವನು ಟೊಪ್ಪಿಗೆ ತೆಗೆದ. ಅವಳನ್ನು ಎರಡೂ ಕೈಯಲ್ಲಿ ಬಳಸಿ, ಬಾಯಿಗೆ ಬಾಯಿ ಇಟ್ಟು ಮುತ್ತು ಕೊಟ್ಟ.

ಬೇರೆ ದಿನವಾಗಿದ್ದರೆ ಗಂಡಸರ ಕಡೆಯಿಂದ ಸೀಟಿ ಹೊಡೆಯುತ್ತಿದ್ದರು. ಅಂದು ಒಬ್ಬರೂ ಉಸಿರು ಬಿಡಲಿಲ್ಲ. ಅನ್ನವ್ವನ ಉಡಿಯಿಂದ ತೆಂಗಿನಕಾಯಿ ಉರುಳಿ ಹೋಯಿತು. "ಶಿವ ಶಿವಾ, ಹೆತ್ತ ಅಪ್ಪ!" ಅಂದಳು. ಆ ಹಾಳು ಮುತ್ತೋ, ಮುಗಿಯುತ್ತಲೇ ಇರಲಿಲ್ಲ. ಬಂದೇಸಾಬ ಮಷೀನಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು, ಕೊನೆಗೆ ಅದನ್ನು ಬಂದ್ ಮಾಡಿ ಪೆಟ್ರೋಮ್ಯಾಕ್ಸ್ ತಂದು ನಿಲ್ಲಿಸಿದ.

ಚೌಡಪ್ಪ ಎದ್ದು ನಿಂತಿದ್ದ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಅವಮಾನವಾಗಿತ್ತು.

"ಇಂಥಾ ಗೌಡನ ಮಾತಿಗೆ ನಾ ಕಣ್ಣೀರು ಹಾಕಿದ್ನಲ್ಲೋ! ಎಲ್ಲಾ ಸುಳ್ಳ. ಬಾಯಿಗೆ ಬಂದದ್ದು ಹೇಳಾಂವ ನೀ. ನಿನ್ನ ಮಾತು ನಂಬಿ ಮಗಳ್ನ ಕೊಡಾಕ ಹೊಂಟಿದ್ದೆ ನಾನು." ಅವನು ಬಟ್ಟೆಯ ಕಡೆ ತಿರುಗಿದ. "ಶಂಕ್ರೀ, ಏಳು. ಮನೀಗೆ ನಡಿ. ಸೋಮವಾರ ರಟ್ಟೀಹಳ್ಳಿಯವ್ರು ಬರ್ತಾರ, ಮಾತು ಮುಗೀತು."

ಗುತ್ತೆಪ್ಪನ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಇವನು ಒಮ್ಮೆ ಸುಮ್ಮನಾದರೆ ಸಾಕು ಎಂದು ಇಪ್ಪತ್ತನಾಲ್ಕು ವರ್ಷ ದೇವರನ್ನು ಬೇಡಿಕೊಂಡವಳು ನಾನು. ಆ ಗಳಿಗೆಯಲ್ಲಿ ಮಾತಾಡೋ, ಏನಾದರೂ ಮಾತಾಡೋ ನನ್ನಪ್ಪ ಎಂದು ನನ್ನ ಕರುಳು ಕೂಗುತ್ತಿತ್ತು.

ಶಂಕ್ರವ್ವ ಎದ್ದಳು, ಆದರೆ ಬಾಗಿಲ ಕಡೆ ಹೋಗಲಿಲ್ಲ. ನಡುವಿನ ಬಟ್ಟೆಯನ್ನು ಸರಿಸಿ ಅಪ್ಪನ ಎದುರಿಗೇ ನಿಂತಳು.

"ಅಪ್ಪಾ, ಆ ಮೀಸಿಯಾಂವ ಅಪ್ಪ ಅಲ್ಲ. ಮದುವಿ ಗಂಡು. ನನಗ ಮೊದಲ ಗೊತ್ತಾಗಿತ್ತು."

"ನಿನಗೇನು ಇಂಗ್ಲಿಷು ಬರತೈತೇನು?"

"ಇಂಗ್ಲಿಷು ಯಾಕ ಬೇಕು? ನೀರು ಸುರುವಿದ ಮ್ಯಾಲ ಆಕಿ ಹೊಳ್ಳಿ ನೋಡಿದ್ಲಲ್ಲ, ಅಪ್ಪನ್ನ ಯಾರೂ ಹಂಗ ನೋಡಂಗಿಲ್ಲ."

ಹೆಂಗಸರ ಕಡೆ ಗೊಳ್ಳೆಂದು ನಗೆ ಹಾರಿತು. ಶಂಕ್ರವ್ವ ನಗಲಿಲ್ಲ. "ಇವರು ಕಥಿ ತಪ್ಪಿದ್ದು ಖರೆ. ಯಾಕ ತಪ್ಪಿದ್ರು ಗೊತ್ತೈತೇನು? ಇವರು ಪರದೆ ನೋಡಲೇ ಇಲ್ಲಪಾ. ಮೊದಲಿಂದ ಕಡೀತನಕ ನಿನ್ನ ಮಾರಿ ನೋಡ್ಕೋಂತ ಹೇಳಿದ್ರು. ನನ್ನ ಬೇಡಾಕ ಹೇಳಿದ ಕಥಿ ಅದು. ಅದನ್ನ ಸುಳ್ಳು ಅಂತಿಯೇನು?"

ಚೌಡಪ್ಪ ಗುತ್ತೆಪ್ಪನ ಕಡೆ ತಿರುಗಿ ನೋಡಿದ. ಅನ್ನವ್ವ ಮುದುಕಿ ಎಲ್ಲವನ್ನೂ ಕಿವಿಗೊಟ್ಟು ಕೇಳಿದ್ದಳು. "ಆಗಿಂದ 'ಇವರು, ಇವರು' ಅನ್ನಾಕತ್ತಿ. ಇವರು ಅಂದ್ರ ಯಾರವಾ? ಹೆಸರು ಹೇಳು, ಹೆಸರು!" ಎಂದು ಕೆಣಕಿದಳು.

ನಮ್ಮ ಕಡೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಲೇಬೇಕೆಂದರೆ ಒಡಪು ಕಟ್ಟಿ, ಅದರ ಕೊನೆಯಲ್ಲಿ ಹೆಸರು ಇಟ್ಟು ಹೇಳಬೇಕು. ಮದುವೆಯಾದವಳು ಮಾತ್ರ ಹಾಕುವ ಒಡಪು ಅದು. ಕನ್ನೆಹುಡುಗಿ ನೂರು ಜನರ ಎದುರು ಒಬ್ಬನ ಹೆಸರಿಗೆ ಒಡಪು ಹಾಕಿದಳೆಂದರೆ ಮತ್ತೆ ಅವಳನ್ನು ನೋಡಲು ಬೇರೆ ಯಾರೂ ಬರುವುದಿಲ್ಲ. ಇದು ಶಂಕ್ರವ್ವನಿಗೂ ಗೊತ್ತಿತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮುಖ ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಹುಗ್ಗಿಗೆ ಹದಾ ಬೆಲ್ಲ, ಮಜ್ಜಿಗಿಗೆ ಹದಾ ಉಪ್ಪ;
ಕಥಿ ತಪ್ಪಿ ಹೇಳಿದ್ರೂ ನನ್ನವ್ರು ಗುತ್ತೆಪ್ಪ!"

ಆಮೇಲೆ ಆದ ಗದ್ದಲವನ್ನು ಬರೆಯಲು ನನಗೆ ಬಾರದು. ಸೀಟಿ, ಚಪ್ಪಾಳೆ, ಟವೆಲ್ಲುಗಳು ಮೇಲಕ್ಕೆ ಹಾರಿದವು. ಅನ್ನವ್ವ ತನ್ನ ಕಾಯಿಯನ್ನು ಹುಡುಕಿ ತಂದು ಪರದೆಯ ಮುಂದಿನ ಕಲ್ಲಿಗೆ ಒಡೆದೇಬಿಟ್ಟಳು. ಅವಳನ್ನು ನೋಡಿ ಉಳಿದವರೂ ಒಡೆದರು. ನಾನು ಟೀಚರೆಂಬುದನ್ನು ಮರೆತು ಕುಣಿದೆನಂತೆ. ನನಗೆ ನೆನಪಿಲ್ಲ, ನೆನಪಿದ್ದರೂ ಒಪ್ಪುವುದಿಲ್ಲ. ಗುತ್ತೆಪ್ಪ ಮೈಕನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಅದು ಬಂದ್ ಆಗಿರಲಿಲ್ಲ. ಅವನು ಬಿಕ್ಕುವುದು ಇಡೀ ತಿಳವಳ್ಳಿಗೆ ಕೇಳಿಸಿತು.

ಚೌಡಪ್ಪ ಬಹಳ ಹೊತ್ತು ಮಗಳ ಮುಖ ನೋಡುತ್ತ ನಿಂತಿದ್ದ. ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಕೂತ.

"ಬಂದೇಸಾಬ, ಆ ಕಡೀ ರೀಲು ಇನ್ನೊಮ್ಮಿ ಹಾಕ್ರಿ. ಮೈಕು ನನ್ನ ಮಗಳ ಕೈಯಾಗ ಕೊಡ್ರಿ. ಅಂವ ತಪ್ಪು ಹೇಳ್ತಾನ."

ಆ ರೀಲಿನ ಕಥೆಯನ್ನು ಶಂಕ್ರವ್ವ ಹೇಳಿದಳು. ಮುತ್ತು ಬಂದಾಗ, "ಇಲ್ಲೆ ಎಲ್ಲಾರೂ ಕಣ್ಣು ಮುಚ್ಚಿಕೊಳ್ರಿ, ನಾ ಹೇಳಿದಾಗ ತಗೀರಿ" ಅಂದಳು. ಒಬ್ಬರೂ ಮುಚ್ಚಲಿಲ್ಲ. ಈ ಸಲ ಸೀಟಿ ಹೊಡೆದವರಲ್ಲಿ ಮೊದಲಿಗ ಮಾರೆಪ್ಪ.

ಯುಗಾದಿ ಕಳೆದು ಮದುವೆಯಾಯಿತು. ಗಂಡಸರ ಮಾತು ಗುತ್ತೆಪ್ಪನದು, ಹೆಂಗಸರ ಮಾತು ಶಂಕ್ರವ್ವನದು ಎಂದು ಹಂಚಿಕೊಂಡು ಇಬ್ಬರೂ ಹಳ್ಳಿಹಳ್ಳಿಗೆ ವಿಡಿಯೋ ಬರುವವರೆಗೂ, ಹತ್ತು ಹನ್ನೆರಡು ವರ್ಷ, ಒಂದೇ ಮೈಕಿನಲ್ಲಿ ಜಗಳಾಡಿದರು. ಪರದೆಯ ಮೇಲಿನ ಜಗಳ ಎಲ್ಲಿ ಮುಗಿಯಿತು, ಇವರದು ಎಲ್ಲಿ ಶುರುವಾಯಿತು ಎಂದು ಎಷ್ಟೋ ಸಲ ಜನಕ್ಕೆ ತಿಳಿಯುತ್ತಿರಲಿಲ್ಲ.

ಮದುವೆಯಾದ ಮೇಲೆ ಮೊದಲ ಡೇರೆ ಬಿದ್ದದ್ದು ಹಿರೇಕೆರೂರಿನಲ್ಲಿ. ಮೂರನೇ ದಿನ ಚೌಡಪ್ಪ ಅಂಗಳಕ್ಕೆ ಕದ ಹಾಕಿ, ಯಾರಿಗೂ ಹೇಳದೆ ಬಸ್ಸು ಹತ್ತಿದ. ಅಲ್ಲಿ ಅವನನ್ನು ಕಂಡು ಗುತ್ತೆಪ್ಪ ಓಡಿ ಬಂದು ಕಾಲಿಗೆ ಬಿದ್ದರೆ, "ಮಗಳ್ನ ನೋಡಾಕ ಬಂದಿಲ್ಲಪಾ, ಸಿನಿಮಾ ನೋಡಾಕ ಬಂದೇನಿ" ಅಂದನಂತೆ. ಎರಡು ದಿನವಿದ್ದು ತಿರುಗಿ ಬಂದ. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಎದುರಾದ.

"ಕಾಕಾ, ಹಿರೇಕೆರೂರಾಗ ಯಾವ ಸಿನಿಮಾ ಹಾಕಿದ್ರು?" ಎಂದು ಕೇಳಿದೆ.

ಅವನು ನಿಂತು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಬಹಳ ಹೊತ್ತು ಯೋಚನೆ ಮಾಡಿದ.

"ಶಂಕ್ರಿ ಹಸರು ಸೀರಿ ಉಟ್ಟಿದ್ಲು ಅಕ್ಕೋರ" ಅಂದ.